ಅಮ್ಮ ಲೈನಿನಲ್ಲಿದ್ದಾಳೆ

ನನ್ನ ಅಮ್ಮ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಹೊರಗಿನಿಂದ ಬಂದ ಕರೆಗಳನ್ನು ಡಾಕ್ಟರಿಗೋ ವಾರ್ಡಿಗೋ ಜೋಡಿಸಿಕೊಡುವ ಕೆಲಸ. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಆ ಟೆಲಿಫೋನ್ ಬೋರ್ಡು ಅವಳ ತಲೆಯಿಂದ ಇಳಿದಿಲ್ಲ. ಮೊಬೈಲು ಮೂರನೇ ಸಲ ರಿಂಗಾಗುವುದರೊಳಗೆ ಎತ್ತದಿದ್ದರೆ ಅವಳಿಗೆ ಜೀವ ತಡೆಯುವುದಿಲ್ಲ. ಯಾರಾದರೂ ನಂಬರು ಹೇಳಿದರೆ ಒಂದೊಂದೇ ಅಂಕಿಯನ್ನು ತಿರುಗಿ ಹೇಳಿ, ತಪ್ಪಿದ್ದರೆ ತಿದ್ದಿಯೇ ಬಿಡುತ್ತಾಳೆ. ಇನ್ನು ಆ ಕಡೆಯವರು ಇಡುವ ತನಕ ತಾನು ಫೋನಿಡುವ ಮಾತೇ ಇಲ್ಲ.

"ರೋಗಿ ಕಡೆಯೋರು ಕಣೇ, ಅಳ್ತಾ ಇರ್ತಾರೆ. ನಾವಾಗೇ ಕಟ್ ಮಾಡೋಕಾಗುತ್ತಾ?" ಎನ್ನುತ್ತಾಳೆ. ಈಗ ಫೋನ್ ಮಾಡುವವರು ರೋಗಿಗಳಲ್ಲ, ಸಾಲ ಬೇಕಾ ಎಂದು ಕೇಳುವವರು. ಅವರ ಮನೆಯ ಕಷ್ಟಸುಖವೆಲ್ಲ ನಮಗೆ ಬಾಯಿಪಾಠ.

ನನಗೋ ಮೂಗಿನ ತುದಿಯಲ್ಲೇ ಕೋಪ. ಹೆಂಗಸರ ಕೂದಲು ಕತ್ತರಿಸುವ ನನ್ನ ಪುಟ್ಟ ಪಾರ್ಲರು ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರ. ಬರುವ ಗಿರಾಕಿಗಳೆಲ್ಲ ಹೇಳುವ ಮೋಸದ ಕಥೆ ಕೇಳಿ ಕೇಳಿ, ಒಂದು ದಿನ ಅಮ್ಮನನ್ನು ಕೂರಿಸಿಕೊಂಡು ಪಾಠ ಮಾಡಿದ್ದೆ. 'ಬ್ಯಾಂಕಿನಿಂದ ಬರುವ ಒಟಿಪಿ ಯಾರಿಗೂ ಹೇಳಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು ಅವಳ ಕುರ್ಚಿಯ ಎದುರಿನ ಗೋಡೆಗೆ ಅಂಟಿಸಿದ್ದೆ.

"ನಂಗೇನು ಅಷ್ಟೂ ಗೊತ್ತಾಗಲ್ವಾ?" ಎಂದು ಅವಳು ರೇಗಿದ್ದಳು.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಕ್ಕದ ಶಾಲೆಯ ಗಣಿತದ ಟೀಚರ್ ಬಿಡುವು ಮಾಡಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕೂತಿದ್ದರು. ಒಂದು ಬದಿ ಕತ್ತರಿಸಿಯಾಗಿತ್ತು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ನನ್ನ ಫೋನು ನಡುಗಿತು. ಅಮ್ಮನ ಖಾತೆಯಿಂದ ಹಣ ಹೋಗಿದೆ ಎಂಬ ಮೆಸೇಜು. ಅದು ನಮ್ಮಿಬ್ಬರ ಜಂಟಿ ಖಾತೆ, ಹಾಗಾಗಿ ನನಗೂ ಬರುತ್ತದೆ.

ಗುರುವಾರ ದೊಡ್ಡಾಸ್ಪತ್ರೆಯಲ್ಲೇ ಅಮ್ಮನ ಎರಡೂ ಮೊಣಕಾಲಿಗೆ ಆಪರೇಷನ್. ಎರಡು ವರ್ಷದಿಂದ ಅವಳು ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದಾಳೆ, ಚಿಕ್ಕ ಮಗುವಿನ ಹಾಗೆ. ಅದಕ್ಕೆಂದು ಇಟ್ಟಿದ್ದ ಠೇವಣಿಯನ್ನು ಮುರಿಸಿ ಹಿಂದಿನ ದಿನವಷ್ಟೇ ಆ ಖಾತೆಗೆ ಹಾಕಿಸಿದ್ದೆವು.

ಅಮ್ಮನಿಗೆ ಫೋನ್ ಮಾಡಿದೆ. 'ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿದ್ದಾರೆ.' ಮತ್ತೆ ಮಾಡಿದೆ. ಅದೇ ಮಾತು. ಒಂದು ಕರೆ ಹಿಡಿದಿರುವಾಗ ಇನ್ನೊಂದು ಬಂದರೆ ಅಮ್ಮ ಅದರತ್ತ ತಿರುಗಿಯೂ ನೋಡುವುದಿಲ್ಲ. ಸರತಿ ಎಂದರೆ ಸರತಿ, ಹೆತ್ತ ಮಗಳಾದರೂ ಅಷ್ಟೇ. ಅಷ್ಟರಲ್ಲಿ ಎರಡನೇ ಮೆಸೇಜು ಬಂತು.

ಎದುರುಮನೆಯ ಟೈಲರಣ್ಣನಿಗೆ ಫೋನ್ ಮಾಡಿ, ಓಡಿಹೋಗಿ ಅಮ್ಮನ ಫೋನು ಇಡಿಸಿ ಎಂದೆ. ಅವರು ಹೋದರು. ಫೋನನ್ನು ಕಿವಿಗೆ ಹಿಡಿದೇ ಹೋದರು.

"ಕಿಟಕಿಯಿಂದ ಕಾಣ್ತಿದ್ದಾರಮ್ಮ. ಫೋನಲ್ಲಿದ್ದಾರೆ. ಸ್ವಲ್ಪ ಇರಿ ಅಂತ ಕೈ ತೋರಿಸಿದ್ರು, ನಿಂತಿದ್ದೀನಿ."

"ನಿಂತ್ಕೋಬೇಡಿ ಅಣ್ಣ! ಒಳಗೆ ಹೋಗಿ ಫೋನ್ ಕಿತ್ಕೊಳ್ಳಿ!"

"ಬಾಗಿಲು ಲಾಕ್ ಆಗಿದೆ. ಅಲ್ಲದೆ ದೊಡ್ಡೋರ ಕೈಯಿಂದ ಹೆಂಗಮ್ಮ ಕಿತ್ಕೊಳ್ಳೋದು? ಏನೋ ಅಂಕಿ ಹೇಳ್ತಿದ್ದಾರೆ... 'ಏಳಲ್ಲಪ್ಪ, ಒಂದು' ಅಂದ್ರು. ಆಮೇಲೆ 'ಮೂರಲ್ಲ, ಎಂಟು' ಅಂತಿದ್ದಾರೆ."

"ಕೂಗಿ! ಹೇಳಬೇಡಿ ಅಂತ ಕೂಗಿ ಅಣ್ಣಾ!" ಎಂದು ನಾನೇ ಕೂಗಿಕೊಂಡೆ. ಅವರು ಕೂಗಿದ್ದೂ ಕೇಳಿಸಿತು. "ಅಮ್ಮಾವ್ರು ಬಾಯಿ ಮೇಲೆ ಬೆರಳಿಟ್ರು" ಎಂದರು. ಮೂರನೇ ಮೆಸೇಜು ಬಂತು.

ಟೀಚರ್ ಹೊದಿಕೆ ಕಿತ್ತೆಸೆದು ಎದ್ದರು. "ನಡಿ, ಸ್ಕೂಟರಿದೆ" ಎಂದರು. ಅರ್ಧ ತಲೆ ಕತ್ತರಿಸಿದ ಹಾಗೆಯೇ ಅವರು ಗಾಡಿ ಓಡಿಸಿದರು. ನಾನು ಹಿಂದೆ ಕೂತು ಬ್ಯಾಂಕಿಗೆ ಫೋನ್ ಹಚ್ಚಿದೆ. ಸಾಲಕ್ಕೆ ಒಂದು ಒತ್ತಿ, ಕಾರ್ಡಿಗೆ ಎರಡು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ. ನಾನು ಕಾದೆ. ನಮ್ಮ ವಂಶಕ್ಕೆ ಅಂಟಿದ ರೋಗ ಇದು ಎನಿಸಿ ಅಳು ಬಂತು. ಸಿಗ್ನಲಿನಲ್ಲಿ ನಾಲ್ಕನೇ ಮೆಸೇಜು ಬಂತು. ಖಾತೆ ನಿಲ್ಲಿಸುತ್ತೇವೆ ಎಂದು ಕೊನೆಗೊಬ್ಬಳು ಹೇಳುವ ಹೊತ್ತಿಗೆ ನಿಲ್ಲಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಟೈಲರಣ್ಣ ಇನ್ನೂ ಕಿಟಕಿಯ ಹತ್ತಿರ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ನನ್ನ ಬೀಗದ ಕೈಯಿಂದ ತೆರೆದು ಒಳಗೆ ಹೋದೆ. ಅಮ್ಮ ಅದೇ ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಫೋನು ಕಿವಿಗೊತ್ತಿಕೊಂಡು ಕೂತಿದ್ದಳು. ಫೋನಿನಿಂದ ಯಾವುದೋ ವಾದ್ಯದ ಸಂಗೀತ ಸಣ್ಣಗೆ ಕೇಳಿಸುತ್ತಿತ್ತು.

"ಶ್! ಲೈನಲ್ಲೇ ಇರಿ ಅಂದಿದ್ದಾರೆ" ಎಂದಳು.

ನಾನು ಫೋನು ಕಿತ್ತು ಕರೆ ಕಡಿದೆ. ಯಾರಿಗೋ ನಾನು ಕಪಾಳಕ್ಕೆ ಹೊಡೆದೆನೇನೋ ಎಂಬಂತೆ ಅವಳು ನೋಡಿದಳು.

"ಅವ್ರು ಇನ್ನೂ ಇಟ್ಟಿರ್ಲಿಲ್ಲ ಕಣೇ."

ನನ್ನ ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಬೆರಳಿಟ್ಟು ನಾಲ್ಕೂ ಮೆಸೇಜು ಓದಿದಳು. ಆಮೇಲೆ ಗೋಡೆಯ ಮೇಲಿನ ಚೀಟಿಯನ್ನು ನೋಡಿದಳು.

"ನಾನು ಹೇಳ್ಲಿಲ್ಲ" ಎಂದಳು. "ಖಾತೆ ಇವತ್ತೇ ನಿಂತುಹೋಗುತ್ತೆ ಅಂತ ಬ್ಯಾಂಕಿಂದ ಮೆಸೇಜ್ ಬಂತು. ಗುರುವಾರಕ್ಕೆ ತೊಂದ್ರೆ ಆಗ್ಬಾರ್ದಲ್ಲ ಅಂತ ಅದ್ರಲ್ಲಿದ್ದ ಫಾರಂ ತುಂಬಿ, ಅವ್ರ ನಂಬರಿಗೆ ಮಾಡ್ದೆ. ಒಟಿಪಿ ಹೇಳಲ್ಲ ಅಂತ ಮೊದಲೇ ಹೇಳ್ದೆ. 'ಒಳ್ಳೇದಾಯ್ತಮ್ಮ, ಯಾರಿಗೂ ಹೇಳ್ಬೇಡಿ, ನಾನೇ ಓದ್ತೀನಿ, ಸರಿಯಿದ್ಯಾ ನೋಡ್ಕೊಳ್ಳಿ' ಅಂದ ಆ ಕಡೆಯೋನು. ಓದಿದ್ದೆಲ್ಲ ತಪ್ಪು. ಹೊಸಬ ಅನ್ಸುತ್ತೆ ಪಾಪ ಅಂತ ಒಂದೊಂದೇ ಅಂಕಿ ತಿದ್ದಿಕೊಟ್ಟೆ..."

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಹೇಳಬೇಡ ಎಂದು ಕಲಿಸಿದ ನಾನು, ಫೋನಿಡು ಎಂದು ಕಲಿಸಿರಲಿಲ್ಲ. ಕಲಿಸಿದ್ದರೂ ಅವಳ ಕೈ ಕೇಳುತ್ತಿತ್ತೇ?

ಪೊಲೀಸರು ದೂರು ಬರೆದುಕೊಂಡು ನೋಡೋಣ ಎಂದರು. ಟೀಚರ್ ತಲೆಗೆ ಸೆರಗು ಹೊದ್ದುಕೊಂಡು ಶಾಲೆಗೆ ಹೋದರು.

ಮಧ್ಯಾಹ್ನ ನಾವಿಬ್ಬರೂ ಮನೆಯಲ್ಲಿದ್ದಾಗ ಅಮ್ಮನ ಫೋನು ರಿಂಗಾಯಿತು. ನಂಬರು ನೋಡಿದೆ. ದೊಡ್ಡಾಸ್ಪತ್ರೆಯದು, ಅವಳು ಮೂವತ್ತೊಂದು ವರ್ಷ ಕೂತಿದ್ದ ಬೋರ್ಡಿನದೇ. ಗುರುವಾರ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಲು ಮಾಡಿರಬೇಕು. ಒಂದು ಸಲ ರಿಂಗಾಯಿತು, ಎರಡು ಸಲ. ಅಮ್ಮನ ಕೈ ಮೊಣಕಾಲಿನ ಮೇಲಿಂದ ಎದ್ದು, ಹಾಗೇ ವಾಪಸು ಕೂತಿತು. ಮೂರಾಯಿತು, ನಾಲ್ಕಾಯಿತು. ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಎತ್ತಿ ಏನೆಂದು ಹೇಳಲಿ? ಆ ಕಡೆ ಕೂತ ಆಪರೇಟರು ರಿಂಗು ಪೂರ್ತಿ ಮುಗಿಯುವ ತನಕ ಕಾದಳು.