ಕಿವಿಗಿಂತ ಮೇಲೆ ಕೈ ಎತ್ತಬಾರದು

"ಹೊಡಿಯೇ," ಅಂದ ಜಿಂಗೊ.

ಉಟೊ ಪೊರಕೆಯ ಬಿದಿರು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ನೆತ್ತಿಗೆ ಬೀಸಿದಳು. ಮನಸ್ಸಿಟ್ಟೇ ಬೀಸಿದಳು. ಕೋಲು ತಲೆಗೆ ಮುಟ್ಟಲೇ ಇಲ್ಲ. ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಎರಡೂ ಅಂಗೈ ಮಂಡಿಯ ಮೇಲಿಟ್ಟು ಕೂತಿದ್ದ ಜಿಂಗೊನ ಎಡಗೈ ಅದ್ಯಾವ ಮಾಯದಲ್ಲಿ ಮೇಲೆದ್ದಿತೋ, ಕೋಲು ಅವನ ಮುಂಗೈ ಮೂಳೆಗೆ ತಗುಲಿ ಪಕ್ಕಕ್ಕೆ ಜಾರಿಹೋಯಿತು.

"ನೋಡು, ಮತ್ತೆ ಎತ್ತಿದೆ!"

"ನಾನೆಲ್ಲಿ ಎತ್ತಿದೆ? ಅದೇ ಎದ್ದಿತು."

"ಅದೇ ಎದ್ದಿತಂತೆ! ಕೈಯೇನು ಪಕ್ಕದ ಮನೆಯವರದಾ ಕಣಯ್ಯಾ?" ಉಟೊ ಕೋಲನ್ನು ನೆಲಕ್ಕೆ ಕುಕ್ಕಿದಳು. "ಬೆಳಗ್ಗಿಂದ ಹತ್ತೊಂಬತ್ತು ಏಟು. ಒಂದಾದ್ರೂ ತಗುಲಿಸ್ಕೊಂಡ್ಯಾ? ಅವರು ಬರೋಕೆ ಇನ್ನು ಐದೇ ದಿನ ಇರೋದು."

ಅವರು ಅಂದರೆ ಸೈನ್ಯದವರು. ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಗೆದ್ದವರು ಗೆದ್ದು ಮನೆಗೆ ಹೋಗುವುದು ಬಿಟ್ಟು ಓಕಿನಾವಾ ದ್ವೀಪದಲ್ಲೇ ಬಿಡಾರ ಹೂಡಿದ್ದರು. ಮೊದಲು ಬಂದರಿನ ಹತ್ತಿರ ತಂತಿಬೇಲಿ ಬಿಗಿದರು, ಆಮೇಲೆ ಕಬ್ಬಿನ ಗದ್ದೆಗೆ, ಆಮೇಲೆ ಗೋರಿಗಳಿದ್ದ ದಿಬ್ಬಕ್ಕೆ. ಈಗ ಜಿಂಗೊನ ಕೇರಿಯ ಹದಿಮೂರು ಮನೆ ಬೇಕಂತೆ, ವಿಮಾನ ಇಳಿಯೋಕೆ. ವಿಮಾನಕ್ಕೆ ಇಳಿಯಲು ಜಾಗ ಬೇಕು, ಮನುಷ್ಯನಿಗೆ ಮಲಗಲು ಬೇಡವೇ?

ಕೇರಿಯವರು ಊರ ಆಲದಷ್ಟೇ ಹಳೆಯ ಚಿನೇನ್ ಅಜ್ಜನ ಮನೆಯಲ್ಲಿ ಸಭೆ ಸೇರಿದ್ದರು. ಅಜ್ಜ ಮೂರು ಕಟ್ಟಳೆ ಹೇಳಿದ. "ಅವರು ಬಂದಾಗ ನಾವೆಲ್ಲಾ ನೆಲದ ಮೇಲೆ ಕೂತಿರಬೇಕು. ಕೈಯಲ್ಲಿ ಒಂದು ಕಡ್ಡಿನೂ ಇರಬಾರದು. ಮಾತಾಡುವಾಗಾಗಲಿ, ಏಟು ತಿನ್ನುವಾಗಾಗಲಿ, ಕಿವಿಗಿಂತ ಮೇಲೆ ಯಾರೂ ಕೈ ಎತ್ತಬಾರದು. ನಮ್ಮ ಅರ್ಜಿ ನಾಹಾ ಪಟ್ಟಣಕ್ಕೆ ಹೋಗಿದೆ, ಪತ್ರಿಕೆಯವರೂ ಬರ್ತಾರೆ. ಒಬ್ಬನೇ ಒಬ್ಬ ಕೈ ಎತ್ತಿದ್ರೂ 'ದಂಗೆ ಎದ್ರು' ಅಂತ ಬರ್ಕೋತಾರೆ. ಅರ್ಜಿ ಕಸದ ಬುಟ್ಟಿಗೆ, ಹದಿಮೂರು ಮನೆ ಮಣ್ಣಿಗೆ."

"ನಮ್ಮೋರಿಗೆ ಹೊಡೆದ್ರೆ?" ಅಂತ ಯಾರೋ ಕೇಳಿದರು.

"ನಿಮ್ಮೋರಿಗೆ ಹೊಡೆದ್ರೂ."

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ "ಆಗ್ಲಿ" ಅಂದವಳು ಉಟೊನೇ. ಆಮೇಲೆ ಎಲ್ಲರ ಕಣ್ಣೂ ಜಿಂಗೊನ ಕಡೆ ತಿರುಗಿತು.

ತಿರುಗದೆ ಏನು ಮಾಡೀತು? ಸುತ್ತ ಏಳೂರಿನಲ್ಲಿ ಕುಡುಗೋಲಿನ ವರಸೆ ಬಲ್ಲವನು ಅವನೊಬ್ಬನೇ. ಅವನ ತಾತನ ಕಾಲದಿಂದ ಬಂದ ವಿದ್ಯೆ. ಹಗಲು ಕಬ್ಬು ಕಡಿದ ಕುಡುಗೋಲೇ ಸಂಜೆ ಜೋಡಿಯಾಗಿ ಗಾಳಿ ಸೀಳುತ್ತಿತ್ತು. ಬೀಸುಕಲ್ಲಿನ ಗೂಟ, ತೆನೆ ಬಡಿಯುವ ಜೋಡಿಕೋಲು, ಗುದ್ದಲಿ, ಯಾವುದು ಕೈಗೆ ಸಿಕ್ಕರೂ ಅದು ಆಯುಧ. ಮಾರನೇ ದಿನ ಅವನ ಶಿಷ್ಯ ಟೋಕುಜಿ ಕೈಗಾಡಿ ತಳ್ಳಿಕೊಂಡು ಮನೆಮನೆಯ ಕುಡುಗೋಲು ಗುದ್ದಲಿ ಒಟ್ಟುಮಾಡಲು ಬಂದಾಗ ಜಿಂಗೊ ತನ್ನ ಜೋಡಿ ಕುಡುಗೋಲನ್ನು ಮೊದಲು ಇಟ್ಟ.

"ಗುರುಗಳೇ, ಕುಡುಗೋಲೇನೋ ಕೊಟ್ರಿ," ಅಂದ ಟೋಕುಜಿ. ಬಾಯಿ ಸುಮ್ಮನಿರಬೇಕಲ್ಲ! "ಆ ಕೈನೂ ಬಿಚ್ಚಿ ಗಾಡಿಗೆ ಹಾಕ್ಬಿಡಿ, ಊರಿಗೇ ನೆಮ್ಮದಿ."

ಸುತ್ತ ನಿಂತವರೆಲ್ಲ ನಕ್ಕರು. ಜಿಂಗೊ ನಗಲಿಲ್ಲ. ಅವನಿಗೆ ಗೊತ್ತಿತ್ತು, ಮಾತು ತಮಾಷೆಯದ್ದಲ್ಲ. ಅಪ್ಪ ಅವನಿಗೆ ಏಳನೇ ವರ್ಷದಿಂದ ಒಂದೇ ಪಾಠ ಹೇಳಿಕೊಟ್ಟಿದ್ದ: ಯೋಚನೆ ಬರುವ ಮುಂಚೆ ಕೈ ಬರಬೇಕು. ಅವನು ಉಣ್ಣುವಾಗ ಅಪ್ಪ ಹಿಂದಿನಿಂದ ಸೌದೆ ಬೀಸುತ್ತಿದ್ದ, ಮಲಗಿದ್ದಾಗ ಬೀಸುತ್ತಿದ್ದ. ನಲವತ್ತು ವರ್ಷದ ತಾಲೀಮು ಮೈಗೆ ಇಳಿದು ಮೂಳೆಯಾಗಿತ್ತು. ಜಿಂಗೊ ಅದನ್ನು ತಮ್ಮ ಸೇಜುನ್‌ಗೂ ಕಲಿಸಿದ್ದ. ಯುದ್ಧದ ಕೊನೆಯಲ್ಲಿ ಊರವರೆಲ್ಲ ಗುಹೆಯಲ್ಲಿ ಅಡಗಿದ್ದಾಗ ಆ ಹುಡುಗ ಎರಡು ಕುಡುಗೋಲು ಹಿಡಿದು ಹೊರಗಿದ್ದ ಸಿಪಾಯಿಗಳ ಮೇಲೆ ನುಗ್ಗಿದ. ಹತ್ತು ಹೆಜ್ಜೆಯೂ ಹೋಗಲಿಲ್ಲ. ಅಣ್ಣ ಕಲಿಸಿದ್ದನ್ನೇ ಮಾಡಿ ಸತ್ತ. ಇನ್ನು ಅಂಥದ್ದು ಆಗಬಾರದು ಅಂತ ಜಿಂಗೊ ಹಲ್ಲು ಕಚ್ಚಿದ್ದ. ಆದರೆ ಹಲ್ಲು ಕಚ್ಚಿದರೆ ಕೈ ಕೇಳಬೇಕಲ್ಲ?

"ಕೈ ಕಟ್ಟಿ ಹಾಕ್ಲಾ?" ಅಂದಳು ಉಟೊ, ಎರಡನೇ ದಿನ.

"ಕೈ ಕಟ್ಟಿಸ್ಕೊಂಡು ಕೂತ್ರೆ ಕಳ್ಳ ಅಂತಾರೆ."

"ಅದರ ಮೇಲೇ ಕೂತ್ಕೋ."

ಕೂತ. ಅವಳು ಹೊಡೆದಳು. ಕುಂಡೆಯ ಕೆಳಗಿದ್ದ ಕೈ ಹೇಗೆ ಬಿಡಿಸಿಕೊಂಡಿತೋ ದೇವರೇ ಬಲ್ಲ, ಕೋಲು ತಡೆದೇ ಬಿಟ್ಟಿತು. ಆ ರಭಸಕ್ಕೆ ಜಿಂಗೊ ಪಕ್ಕಕ್ಕೆ ಉರುಳಿಬಿದ್ದ. ಉಟೊಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅವನ ಪಕ್ಕದಲ್ಲಿ ಕುಸಿದು ಅತ್ತಳು. "ಆಗಲ್ಲ ಕಣಯ್ಯಾ, ನಿನ್ನ ಕೈಲಿ ಆಗಲ್ಲ. ನೀನು ಆವತ್ತು ಗುಡ್ಡ ಹತ್ತಿ ಎಲ್ಲಾದ್ರೂ ಹೋಗಿಬಿಡು."

"ಮೊದಲನೇ ಮನೆ ನಂದು. ಯಜಮಾನನೇ ಇಲ್ಲದಿದ್ರೆ ಖಾಲಿ ಮನೆ ಅಂತ ಬರ್ಕೋತಾರೆ. ಹೊಡಿ."

ಮೂರನೇ ದಿನ ಅವನಿಗೆ ಗುಟ್ಟು ಹೊಳೆಯಿತು. ಕೋಲು ನೋಡಿದರಲ್ಲವೇ ಕೈ ಏಳುವುದು? ಹೊಡೆಯುವವರ ಭುಜ ಅಲುಗಿದ್ದು ಕಂಡರಲ್ಲವೇ? ಅವನು ಕಣ್ಣು ತೆರೆದೇ ನೋಡದಿರುವುದನ್ನು ಕಲಿತ. ನೋಟವನ್ನು ಸಡಿಲ ಬಿಟ್ಟ, ಉಸಿರನ್ನು ಹೊಟ್ಟೆಯ ಕೆಳಗೆ ಇಳಿಸಿದ. ನಾನು ಗೆಣಸಿನ ಮೂಟೆ, ನನಗೆ ಕೈಯಿಲ್ಲ, ಅಂದುಕೊಂಡ. ಮೂಟೆಗೆ ಯಾರು ಹೊಡೆದರೇನು? ಅಪ್ಪ ವರ್ಷಗಟ್ಟಲೆ ತುಂಬಿದ್ದನ್ನು ಅವನು ಹಿಡಿಹಿಡಿಯಾಗಿ ಸುರಿದು ಹಾಕಿದ.

ನಾಲ್ಕನೇ ದಿನ ಮಧ್ಯಾಹ್ನ ಕೋಲು ಫಟ್ ಅಂತ ಹಣೆಗೆ ಬಡಿಯಿತು. ಚರ್ಮ ಬಿರಿದು ರಕ್ತ ಇಳಿಯಿತು. ಜಿಂಗೊನ ಕೈ ಮಂಡಿಯ ಮೇಲೇ ಇತ್ತು.

"ಬಿತ್ತು!" ಅಂತ ಉಟೊ ಕೂಗಿದಳು. "ಟೋಕುಜೀ, ಬಾರೋ ಇಲ್ಲಿ, ಬಿತ್ತು ಏಟು!" ಗಂಡನ ತಲೆ ಒಡೆದು ಹಾಗೆ ಕುಣಿದಾಡಿದ ಹೆಂಗಸು ಲೋಕದಲ್ಲಿ ಇವಳೊಬ್ಬಳೇ ಇರಬೇಕು. ಐದನೇ ದಿನ ಮೂವತ್ತು ಏಟು ಹಾಕಿದಳು. ಟೋಕುಜಿಯೂ ಹಾಕಿದ, ಬೆನ್ನಿಗೆ, ಭುಜಕ್ಕೆ, ಕಪಾಳಕ್ಕೆ. ಒಂದು ಸಲವೂ ಕೈ ಏಳಲಿಲ್ಲ.

"ಗುರುಗಳೇ, ಕೈ ಎಲ್ಲಿಟ್ರಿ?" ಅಂದ ಟೋಕುಜಿ. ಈ ಸಲ ಅವನಿಗೂ ನಗು ಬರಲಿಲ್ಲ.

ಆರನೇ ದಿನ ಬೆಳಗ್ಗೆ ಎಂಟಕ್ಕೆ ನಾಲ್ಕು ಲಾರಿ ಬಂದವು. ಹಿಂದೆಯೇ ಹಳದಿ ಬುಲ್ಡೋಜರು, ಹವಳದ ಕಲ್ಲಿನ ದಾರಿಯನ್ನು ಪುಡಿಮಾಡುತ್ತ. ಕೇರಿಯವರೆಲ್ಲ ಜಿಂಗೊನ ಮನೆಯ ಮುಂದೆ ಸಾಲಾಗಿ ಕೂತಿದ್ದರು, ಮುದುಕರು, ಬಸುರಿಯರು, ಎಲ್ಲರೂ. ಅಂಗಳದ ಕಲ್ಲುಗೋಡೆಯ ಹತ್ತಿರ ಪತ್ರಿಕೆಯ ಇಬ್ಬರು ಕ್ಯಾಮೆರಾ ಹಿಡಿದು ನಿಂತಿದ್ದರು. ಯಾರೂ ಗಂಟುಮೂಟೆ ಕಟ್ಟಿರಲಿಲ್ಲ. ಕಟ್ಟಿದರೆ ಹೋಗೋಕೆ ಒಪ್ಪಿದಂಗೆ ಅಂತ ಅಜ್ಜ ಹೇಳಿದ್ದ. ಒಲೆಯ ಮೇಲೆ ಗೆಣಸು ಬೇಯಲಿಟ್ಟೇ ಉಟೊ ಬಂದು ಗಂಡನ ಪಕ್ಕ ಕೂತಿದ್ದಳು.

ಅಧಿಕಾರಿ ಒಂದು ಕಾಗದ ಓದಿದ, ದುಭಾಷಿ ಅದನ್ನು ಇವರ ಮಾತಿನಲ್ಲಿ ಹೇಳಿದ. ಚಿನೇನ್ ಅಜ್ಜ ಕೂತಲ್ಲಿಂದಲೇ ತಲೆ ಬಾಗಿಸಿ ಕೇಳಿಕೊಂಡ. "ಸ್ವಾಮಿ, ಈ ನೆಲ ಬಿಟ್ರೆ ನಮಗೆ ಬೇರೆ ಏನೂ ಇಲ್ಲ. ಅರ್ಜಿ ತೀರ್ಮಾನ ಆಗೋವರೆಗೆ ನಿಲ್ಸಿ." ಅಧಿಕಾರಿ ಗಡಿಯಾರ ನೋಡಿಕೊಂಡು ಕೈ ಬೀಸಿದ. ಬುಲ್ಡೋಜರು ಹೊಗೆ ಉಗುಳಿ, ಕೂತವರನ್ನು ಬಳಸಿಕೊಂಡು, ಮನೆಯ ಹಿಂದಿನ ಫುಕುಗಿ ಮರಗಳ ಕಡೆಯಿಂದ ನುಗ್ಗಿತು. ಅಡುಗೆ ಕೋಣೆಯ ಗೋಡೆ ಮೊದಲು ಹೋಯಿತು.

"ಅಯ್ಯೋ, ಹಿರಿಯರು!" ಅಂದಳು ಉಟೊ.

ಹಿರಿಯರು ಅಂದರೆ ದೇವರ ಗೂಡಿನಲ್ಲಿದ್ದ ಹೆಸರಿನ ಹಲಗೆ. ಜಿಂಗೊನ ತಾತ, ಅಪ್ಪ, ತಮ್ಮ ಸೇಜುನ್, ಎಲ್ಲರೂ ಅದರಲ್ಲಿದ್ದರು. ಅದನ್ನು ಕಾಯುವುದು ಆ ಮನೆಯ ಸೊಸೆಯ ಜವಾಬ್ದಾರಿ. ಜಿಂಗೊ "ಕೂತ್ಕೋ" ಅನ್ನುವುದರೊಳಗೆ ಅವಳು ಎದ್ದು ಬಾಗಿಲೊಳಗೆ ನುಗ್ಗಿಯಾಗಿತ್ತು. ಧೂಳಿನಿಂದ ಹೊರಗೆ ಬಂದಾಗ ಆ ಕಪ್ಪು ಅರಗಿನ ಹಲಗೆ ಅವಳ ಎರಡೂ ಕೈಯಲ್ಲಿತ್ತು, ಎದೆಯಿಂದ ಮೇಲಕ್ಕೆ, ಮುಖದ ಮುಂದೆ, ಜೋಪಾನವಾಗಿ.

ಬಾಗಿಲ ಬಳಿ ನಿಂತಿದ್ದ ಸಿಪಾಯಿ ಹತ್ತೊಂಬತ್ತರ ಪೋರ. ಧೂಳಿನೊಳಗಿಂದ ಏನೋ ಕಪ್ಪಾದದ್ದನ್ನು ಹಿಡಿದು ಯಾರೋ ತನ್ನ ಮೇಲೆ ಬಂದ ಹಾಗೆ ಅವನಿಗೆ ಕಂಡಿತು. ಅವನು ಬಂದೂಕನ್ನು ತಿರುಗಿಸಿದ.

ಜಿಂಗೊ ಅವನಿಂದ ಒಂದು ಮೊಳ ದೂರದಲ್ಲಿ ಕೂತಿದ್ದ. ಹುಡುಗನ ಬಲಭುಜ ಹಿಂದಕ್ಕೆ ಹೋದದ್ದು ಕಂಡಿತು, ಸೊಂಟ ತಿರುಗಿದ್ದು ಕಂಡಿತು. ಇಷ್ಟು ನಿಧಾನದ, ಇಷ್ಟು ಒಡ್ಡೊಡ್ಡಾದ ಏಟನ್ನು ಅವನು ಏಳನೇ ವಯಸ್ಸಿನಲ್ಲೇ ತಡೆಯುತ್ತಿದ್ದ. ಬಂದೂಕಿನ ಹಿಡಿ ಇಳಿಯಿತು. ಉಟೊಳ ಕುತ್ತಿಗೆಯ ಬುಡದಲ್ಲಿ ಭುಜದ ಮೂಳೆ ಮುರಿದ ಸದ್ದು ಕೇಳಿತು. ಅವಳು ಹಲಗೆಯ ಮೇಲೆ ಬಿದ್ದಳು. ಕ್ಯಾಮೆರಾಗಳು ಕ್ಲಿಕ್ ಕ್ಲಿಕ್ ಅಂದವು.

ಜಿಂಗೊನ ಎರಡೂ ಅಂಗೈ ಮಂಡಿಯ ಮೇಲಿದ್ದವು.

ಮನೆ ಹೋಯಿತು. ಕಾಲು ಗಂಟೆಯೂ ಹಿಡಿಯಲಿಲ್ಲ. ಆದರೆ ಅಧಿಕಾರಿ ಕ್ಯಾಮೆರಾದವರನ್ನೂ, ನೆಲದ ಮೇಲೆ ಬಿದ್ದ ಹೆಂಗಸನ್ನೂ, ಕಲ್ಲಿನಂತೆ ಕೂತ ಜನವನ್ನೂ ನೋಡಿ ಏನು ಲೆಕ್ಕ ಹಾಕಿದನೋ, ಉಳಿದ ಹನ್ನೆರಡು ಮನೆ ಮುಟ್ಟದೆ ಲಾರಿ ತಿರುಗಿಸಿಕೊಂಡು ಹೋದ. ಸದ್ಯಕ್ಕೆ ಹೋದ.

ಚಿನೇನ್ ಅಜ್ಜನ ಮನೆಯಲ್ಲಿ ಮೂಳೆ ಕಟ್ಟುವವ ಉಟೊಳ ಭುಜಕ್ಕೂ ಕುತ್ತಿಗೆಗೂ ಸೇರಿಸಿ ಬಿದಿರು ದಬ್ಬೆ ಕಟ್ಟಿ ಎದ್ದ. ಕೇರಿಯವರು ಒಬ್ಬೊಬ್ಬರಾಗಿ ಬಂದು ಜಿಂಗೊನ ಮುಂದೆ ತಲೆ ನೆಲಕ್ಕೆ ಹಚ್ಚಿ ಹೋದರು. ಅಜ್ಜ ಅವನ ಎರಡೂ ಕೈ ಹಿಡಿದು ಅತ್ತ. "ಹನ್ನೆರಡು ಮನೆ ಉಳಿಸಿದ್ಯಪ್ಪಾ. ನಿನ್ನಂಥ ತಾಳ್ಮೆ ನಾನು ಕಂಡಿಲ್ಲ. ಕಣ್ಣೆದುರಿಗೇ ಹೆಂಡ್ತಿಗೆ... ಹೇಗೆ ತಡ್ಕೊಂಡ್ಯೋ!"

ಎಲ್ಲರೂ ಹೋದ ಮೇಲೆ ಉಟೊ ಕಣ್ಣು ತೆರೆದಳು. ಮುಖ ಬೂದಿಯಾಗಿತ್ತು. ಅವಳು ಗಂಡನನ್ನು ನೋಡಿದಳು.

"ಆ ಹುಡುಗ ಹೊಡಿಯೋದು ಕಂಡ್ತಾ ನಿಂಗೆ?"

"ಕಂಡ್ತು."

"ನಾನೇ ಕಟ್ಟಳೆ ಮುರಿದೆ. ಹಲಗೆ ಹಿಡ್ಕೊಂಡು ಬಂದೆ. ತಪ್ಪು ನಂದೇ. ನೀನು ಸರಿಯಾಗೇ ಕೂತಿದ್ದೆ." ಅವಳು ಉಸಿರು ತೆಗೆದುಕೊಂಡಳು, ನೋವಿಗೆ ಹುಬ್ಬು ಗಂಟಾಯಿತು. "ಕಷ್ಟ ಆಯ್ತಾ? ಕೈ ತಡ್ಕೊಳ್ಳೋಕೆ?"

ಜಿಂಗೊ ತನ್ನ ಕೈ ನೋಡಿಕೊಂಡ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಅವಳಿಗೆ ಸುಳ್ಳು ಹೇಳಿರಲಿಲ್ಲ, ಆ ಮುಟ್ಠಾಳ.

"ಇಲ್ಲ," ಅಂದ. "ತಡ್ಕೊಳ್ಳೋಕೆ ಏನೂ ಇರ್ಲಿಲ್ಲ ಉಟೊ. ಅದು ಏಳ್ಲೇ ಇಲ್ಲ. ಅಲುಗ್ಲೂ ಇಲ್ಲ. ನಿಂಗೆ ಬೀಳ್ತಿದೆ ಅಂತ ಗೊತ್ತು, ಒಳಗೆ ಏನೂ ಆಗ್ಲಿಲ್ಲ. ಮೂಟೆ ಕೂತಂಗೆ ಕೂತಿದ್ದೆ."

ಉಟೊ ಮುಖವನ್ನು ಗೋಡೆಯ ಕಡೆ ತಿರುಗಿಸಲು ನೋಡಿದಳು. ಕಟ್ಟಿದ ದಬ್ಬೆ ಬಿಡಲಿಲ್ಲ. ಅವನ ಎದುರಿಗೇ, ಅವನು ನೋಡುತ್ತಿದ್ದಂತೆಯೇ ಅವಳು ಅಳಬೇಕಾಯಿತು.

"ತಡ್ಕೊಂಡೆ ಅಂತ ಒಂದು ಸುಳ್ಳು ಹೇಳೋಕೆ ಏನಾಗಿತ್ತು ಕಣಯ್ಯಾ ನಿಂಗೆ?"