ನಾಯಿಕಿವಿ ಕೋವಿ

ಯಾವುದನ್ನು ಎತ್ತಿಕೊಳ್ಳುವುದು? ಹಳೆಯದನ್ನು ಎತ್ತಿಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಮಗಳದನ್ನು ಎತ್ತಿಕೊಂಡರೆ ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಕೇಳಿದರೆ ಏನೆನ್ನುವುದು?

ಗುರಿ ಮೈದಾನದ ಮೇಜಿನ ಮೇಲೆ ಎರಡೂ ಕೋವಿಗಳು ಮಲಗಿದ್ದವು. ಒಂದು, ರಷ್ಯದ ಮೇಲಿನ ಯುದ್ಧ ಮುಗಿದ ಮೇಲೆ ಸೇನೆ ತನಗೆ ಬೇಡವೆಂದು ಮಾರಿದಾಗ ಆರ್ಮಸ್‌ನ ಅಪ್ಪ ಕೊಂಡು ತಂದದ್ದು. ಅದರ ನಳಿಗೆಯ ತುದಿಯ ಗುರಿಮೊನೆಯ ಎಡಬಲಕ್ಕೆ ಎರಡು ಕಬ್ಬಿಣದ ರೆಕ್ಕೆಗಳು ನೆಟ್ಟಗೆ ನಿಂತಿರುವುದರಿಂದ ಕಾಯ್ನು ಸೀಮೆಯಲ್ಲೆಲ್ಲ ಅದಕ್ಕೆ ನಾಯಿಕಿವಿ ಎಂದೇ ಹೆಸರು. ಇನ್ನೊಂದು, ಆರ್ಮಸ್‌ನ ಮಗಳು ಸಾತು ಹೋದ ವರ್ಷ ಕೊಂಡ ಹೊಸ ಬೇಟೆಕೋವಿ, ಮೇಲೆ ದುರ್ಬೀನು.

ಬೇಟೆ ಸಂಘದ ಕಟ್ಟಳೆ ಸರಳ. ಯಾವ ಕೋವಿಯಿಂದ ಗುರಿ ಪರೀಕ್ಷೆ ಗೆಲ್ಲುತ್ತಾರೋ ಹಂಗಾಮಿಗೆಲ್ಲ ಅದೇ. ಗೆಲ್ಲದವನು ಬೇಟೆಗೆ ಕೋವಿ ಹಿಡಿದು ಕಾವಲು ಕೂರುವ ಹಾಗಿಲ್ಲ, ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸ ಕುಯ್ಯಲು ಬರಬಹುದು.

ಆರ್ಮಸ್ ನಾಯಿಕಿವಿಯನ್ನು ಹೆಗಲಿಗೇರಿಸಿ ನೋಡಿದ. ಗುರಿಮೊನೆ ಮಸಿ ಮೆತ್ತಿದಂತೆ ಕದಡಿತು. ಆದರೂ ಕೈಗೆ ಪಳಗಿದ ಕೋವಿ, ಗುರಿ ಹಲಗೆಯ ಮೇಲೆ ಬರೆದ ಮೂಸ್ ನಿಂತಲ್ಲೇ ನಿಂತಿರುತ್ತದೆ, ಗೆದ್ದುಬಿಡಬಹುದು. ಅವನಿಗೆ ಭಯವಿದ್ದದ್ದು ಆ ಗೆಲುವಿನದೇ. ಗೆದ್ದರೆ ಕಾಡಿಗೂ ಇದೇ ಕೋವಿ. ಭಾನುವಾರ ಸಾತು ನಾಯಿ ಹಿಡಿದು, ಸ್ಪ್ರೂಸ್ ಮರಗಳ ನಡುವೆ ಮೂಸನ್ನು ಎಬ್ಬಿಸುತ್ತ ಬರುವುದು ಅವನ ಕಾವಲಿನ ಕಡೆಗೇ. ಮೊನ್ನೆ ಅಂಗಳದಂಚಿನ ಮರದ ಬುಡವನ್ನು ಅವನು ನಾಯಿಯೆಂದು ತಿಳಿದು ಹೆಸರು ಹಿಡಿದು ಕರೆದಿದ್ದ.

“ಅದೇನು ಕೋವಿಗೆ ಮುತ್ತು ಕೊಡ್ತಾ ನಿಂತಿದ್ದೀಯಾ, ಆರ್ಮಸ್? ಸಾಸೇಜು ಸುಟ್ಟು ಕರಕಲಾಯ್ತು!” ಬೆಂಕಿಯ ಪಕ್ಕದಿಂದ ಸಂಘದ ಯಜಮಾನ ಸುಲೊ ಕೂಗಿದ.

ಆರ್ಮಸ್ ಹಳೆಯದನ್ನು ಕೆಳಗಿಟ್ಟು ಮಗಳದನ್ನು ಎತ್ತಿಕೊಂಡ.

“ಅಯ್ಯೋ, ನೋಡ್ರಪ್ಪಾ! ರಷ್ಯದವರಿಗೆ ಹೆದರದ ನಾಯಿಕಿವಿ ಮಗಳ ಮುಂದೆ ಬಾಲ ಮುದುರ್ಕೊಂತು!” ಎಂದ ಸುಲೊ.

“ಭಾರ ಕಣೋ. ಹೆಗಲು ನೋಯುತ್ತೆ.”

“ಹೆಗಲಾ? ಮೊನ್ನೆ ದೋಣಿ ಹೊತ್ತವನು ನೀನೇ ತಾನೆ?”

ಆರ್ಮಸ್ ಗುರಿ ಹಿಡಿದ. ದುರ್ಬೀನಿನಲ್ಲಿ ಮೂಸ್ ಹತ್ತಿರ ಬಂತು. ಅಂಚು ಮಾತ್ರ ಇನ್ನೂ ತುಸು ನೀರಾಡುತ್ತಿತ್ತು. ನಾಲ್ಕು ಗುಂಡೂ ಅದರ ಎದೆಯ ಮೇಲೆ ಬರೆದ ವೃತ್ತದೊಳಗೇ ಬಿದ್ದವು, ಪರೀಕ್ಷೆ ಗೆದ್ದಾಯಿತು.

ಸಾತು ಓಡಿ ಬಂದಳು. “ಅಪ್ಪಾ, ನನ್ನ ಕೋವೀನ ಆಟದ ಸಾಮಾನು ಅಂತಿದ್ದೆಯಲ್ಲ! ಇಟ್ಕೋ, ನಾಯಿ ಹಿಡಿಯೋಳಿಗೆ ಕೋವಿ ಯಾಕೆ? ಭಾನುವಾರ ಒಂದನ್ನ ನಿನ್ನ ಮುಂದಕ್ಕೇ ಅಟ್ಟಿಕೊಂಡು ಬರ್ತೀನಿ.”

“ಟೋಪಿ ಹಾಕ್ಕೋ,” ಎಂದ ಆರ್ಮಸ್. “ಆ ಕಿತ್ತಳೆ ಬಣ್ಣದ್ದು, ದೂರದಿಂದಲೂ ಕಾಣೋದು.”

“ಅದಿಲ್ದೆ ಸುಲೊ ಮಾಮ ಕಾಡಿಗೆ ಬಿಡ್ತಾರಾ?” ಅವಳು ನಕ್ಕಳು.

ತನ್ನ ಕಣ್ಣು ಮಂಜಾಗಿದೆ ಎಂದು ಅವನು ಅವಳಿಗೆ ಹೇಳಲಿಲ್ಲ.