ಇಂಟು ಹಾಕಿದಲ್ಲಿ ಸಹಿ

“ಪುಕ್ಕಟೆ ಓದಿ, ಪುಕ್ಕಟೆ ಕೂಳು ತಿಂದು, ಈಗ ಒರಿಜಿನಲ್ ಕೇಳಾಕ ಬಂದಿಯೇನಬೇ? ನಿಮ್ಮಪ್ಪ ಗಳಿಸಿ ಇಟ್ಟಾನೇನು ಇಲ್ಲಿ?”

ಕಾಲೇಜಿನ ಕ್ಲರ್ಕ್ ಶರಣಯ್ಯ ಹೀಗೆ ಕೇಳುವಾಗ ನನ್ನಪ್ಪ ಮೌನಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬೂದಿ ತುಂಬುವ ಕೆಲಸದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದ.

ನರ್ಸಿಂಗ್ ಮುಗಿಸಿದ್ದೆ. ರಾಯಚೂರಿನದೇ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಶನಿವಾರದೊಳಗೆ ಅಸಲು ಅಂಕಪಟ್ಟಿ ತೋರಿಸದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅಂಕಪಟ್ಟಿ ಶರಣಯ್ಯನ ಬೀರುವಿನಲ್ಲಿತ್ತು. ಕೊನೆಯ ವರ್ಷದ ಸ್ಕಾಲರ್‌ಶಿಪ್ ಬಂದಿಲ್ಲ, ನಲವತ್ತು ಸಾವಿರ ಕಟ್ಟು ಎಂದು ಅವನ ಹಟ.

ಬ್ಯಾಂಕಿನಿಂದ ಬಂದಿದ್ದ ಕಾಗದ ಅವನ ಮುಂದಿಟ್ಟೆ. “ಇದೇನ್ರಿ ಸರ್? ನನ್ನ ಹೆಸರಿಲೆ ಎರಡು ಲಕ್ಷ ಎಂಬತ್ತು ಸಾವಿರ ಸಾಲ ಅದ ಅಂತಾರ. ನಾ ಯಾವ ಸಾಲಾನೂ ಕೇಳಿಲ್ಲ.”

“ಸೈನ್ ಯಾರ್ದು?”

ಸಹಿ ನನ್ನದೇ. ಅಡ್ಮಿಷನ್ ದಿನ ಇವನೇ ಸ್ಕಾಲರ್‌ಶಿಪ್ ಫಾರ್ಮು ಎಂದು ಹಾಳೆಗಳ ಕಟ್ಟು ಇಟ್ಟಿದ್ದ. ಸಹಿಯ ಜಾಗ ಮಾತ್ರ ಕಾಣುವಂತೆ ಮಡಿಚಿದ್ದ. ಪೆನ್ಸಿಲಿನಲ್ಲಿ ಇಂಟು ಹಾಕಿದಲ್ಲೆಲ್ಲ ಸಹಿ ಮಾಡು ಅಂದ, ಮಾಡಿದೆ. ಬ್ಯಾಂಕಿಗೆ ಕರೆದೊಯ್ದಾಗಲೂ ಸರ್ಕಾರದ ದುಡ್ಡು ಬ್ಯಾಂಕಿನಿಂದಲೇ ಬರುವುದಲ್ಲವೇ ಅಂದುಕೊಂಡೆ. ನಮ್ಮ ಕೇರಿಯಲ್ಲಿ ಸ್ಕಾಲರ್‌ಶಿಪ್ ಅಂದರೆ ಆಧಾರ್ ಜೆರಾಕ್ಸ್ ಕೊಡುವುದು, ಸಹಿ ಮಾಡುವುದು, ಕಾಯುವುದು. ಸಾಲಕ್ಕೂ ಅದೇ ಮೂರು. ಫರಕು ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಅಪ್ಪನಿಗೆ ಸಹಿ ಬರುತ್ತದೆ. ಬಾಗಲವಾಡದ ರಾತ್ರಿ ಶಾಲೆಯಲ್ಲಿ ಕಲಿತಿದ್ದಾನೆ, ನಿಧಾನಕ್ಕೆ ಓದುತ್ತಾನೆ ಕೂಡ. ಅಡ್ಮಿಷನ್ ದಿನ ಶರಣಯ್ಯ ಅದನ್ನು ಕೇಳಲೇ ಇಲ್ಲ. ಅಪ್ಪನ ಹೆಬ್ಬೆರಳು ಹಿಡಿದು ಇಂಕಿನ ಪ್ಯಾಡಿಗೆ ಒತ್ತಿಬಿಟ್ಟಿದ್ದ. ಮಗಳ ಓದಿಗೆ ಅಡ್ಡ ಬರಬಾರದೆಂದು ಅಪ್ಪ ಬಾಯಿ ಬಿಡಲಿಲ್ಲ. ಅದಕ್ಕಾಗಿ ಅಪ್ಪನ ಮೇಲೂ ನನಗೆ ಸಿಟ್ಟಿದೆ.

ಸಾಲದ ದುಡ್ಡು ನೇರ ಕಾಲೇಜಿಗೆ ಹೋಯಿತು. ಸ್ಕಾಲರ್‌ಶಿಪ್ ನನ್ನ ಖಾತೆಗೆ ಬಂದಾಗಲೆಲ್ಲ, ಅದು ಕಾಲೇಜಿನದು ಎಂದು ಇದೇ ಕೌಂಟರಿನಲ್ಲಿ ಕಟ್ಟಿಸಿಕೊಂಡರು. ಒಂದೇ ಫೀಸು, ಎರಡು ಸಲ.

“ಎರಡೂ ಕಡೆ ತಿಂದೀರಲ್ರಿ,” ಅಂದೆ.

“ಬಾಯಿ ಭಾಳ ಆತು. ನಿಮ್ಮ ಕೇರಿಯೋರಿಗೆ ನಾಕಕ್ಷರ ಬಂದ್ರ ಇದೇ ಹಣೇಬರ.” ಆಮೇಲೆ ಅವನ ದನಿ ತಗ್ಗಿತು. ಬೀರು ತೆಗೆದು ನನ್ನ ಫೈಲು ಕೌಂಟರಿನ ಮೇಲಿಟ್ಟ. “ನೋಡು ವಿಶಾಖಾ, ಹೊರಗ ಹೊಸಾ ಅಡ್ಮಿಷನ್‌ಗೆ ದೇವದುರ್ಗ ಕಡಿಯೋರು ಬಂದು ನಿಂತಾರ. ಸೈನ್ ಮಾಡಾಕ ಹೆದರಾಕತ್ತಾರ. ಎಲ್ಲಾ ಪುಕ್ಕಟೆ, ನಾನೂ ಹಂಗ ಓದೀನಿ ಅಂತ ಒಂದು ಮಾತು ಹೇಳು. ಐದು ಹುಡುಗ್ಯಾರು ಸೈನ್ ಮಾಡಿದ್ರ ನಿನ್ನ ಒರಿಜಿನಲ್ ಈಗಿಂದೀಗ ತಗೊಂಡು ಹೋಗು.”

ಫೈಲಿನ ಮೇಲೆ ನನ್ನ ಫೋಟೋ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

“ಹೇಳಿಬಿಡು ಯವ್ವಾ,” ಅಪ್ಪ ಪಿಸುಗುಟ್ಟಿದ. “ನಮ್ದು ನಾವು ನೋಡ್ಕೊಳ್ಳೂಣು.”

ಶರಣಯ್ಯ ಹೊರಗಿದ್ದವರನ್ನು ಹೆಸರು ಹಿಡಿದು ಕೂಗಿದ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿ ಕಾಯುವ ಪರಮಣ್ಣ ಮುಂದೆ ಬಂದ, ಅವನ ಹಿಂದೆ ಮಗಳು ದೇವಿಕಾ. ಉಳಿದವರು ಬಾಗಿಲಲ್ಲಿ ಸರದಿ ನಿಂತರು. ಹಾಳೆಗಳ ಕಟ್ಟು ಆಗಲೇ ಅವರ ಕೈಯಲ್ಲಿತ್ತು.

“ಯವ್ವಾ, ನೀನೂ ಇಲ್ಲೇ ಓದೀದಿ ಅಂತಲ್ಲ,” ಪರಮಣ್ಣ ಕೇಳಿದ. “ನಮ್ಗ ತಿಳಿಯಂಗಿಲ್ಲ. ಇದು ಸರ್ಕಾರ ಕೊಡೂದೇನು?”

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಶನಿವಾರ ನೆನಪಾಯಿತು, ನಾಲ್ಕು ವರ್ಷ ನೆನಪಾಯಿತು. ದೇವಿಕಾ ಪೆನ್ನಿನ ಮುಚ್ಚಳ ತೆಗೆದು ಇಂಟು ಗುರುತು ಹುಡುಕುತ್ತಿದ್ದಳು.

“ಅಲ್ಲ,” ಅಂದೆ. “ಇದು ಸಾಲ. ಓದು ಮುಗಿದಮ್ಯಾಲೆ ನಿನ್ನ ಕುತ್ತಿಗಿಗೇ ಬರ್ತದ ತಂಗಿ. ಪೆನ್ನು ಮುಚ್ಚು.”

ಪರಮಣ್ಣ ಮಗಳ ಕೈಯಿಂದ ಹಾಳೆಗಳನ್ನು ಕಸಿದುಕೊಂಡ. ಶರಣಯ್ಯ ನನ್ನ ಫೈಲು ಬೀರುವಿಗೆ ಎಸೆದು ಕೀಲಿ ತಿರುವಿದ.

“ಬಾಡ್ಯಾನ ಮಗಳ! ನಿನ್ನ ಒರಿಜಿನಲ್ ಇಲ್ಲೇ ಕೊಳೀಲಿ. ಲೇ ಮೌನ್ಯಾ, ಎಳಕೊಂಡು ನಡಿ ಇದನ್ನ!”

ಅಪ್ಪ ಜಾಗ ಬಿಟ್ಟು ಕದಲಲಿಲ್ಲ. “ಮೌನಪ್ಪ ಅನ್ರಿ,” ಅಂದ.

ನಾನು ಕೌಂಟರಿನ ಮುಂದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ.

“ಒರಿಜಿನಲ್ ಕೊಟ್ರ ಹೋಗ್ತೀನ್ರಿ. ಕೊಡೂತನಾ ಇಲ್ಲೇ ಕುಂತು, ಬಂದೋರಿಗೆಲ್ಲ ಫಾರ್ಮ್ ಓದಿ ಹೇಳ್ತೀನಿ.”

ಪೊಲೀಸರನ್ನು ಕರೆಯುತ್ತೇನೆಂದು ಶರಣಯ್ಯ ಫೋನು ಎತ್ತಿಕೊಂಡ. ಬಾಗಿಲಲ್ಲಿದ್ದ ಹುಡುಗಿಯೊಬ್ಬಳು ಒಳಗೆ ಬಂದು ನನ್ನೆದುರು ಕುಳಿತು, ತನ್ನ ಹಾಳೆಗಳನ್ನು ನನ್ನ ಕೈಗಿಟ್ಟಳು. ಮೊದಲ ಮಡಿಕೆ ಬಿಚ್ಚಿದೆ.